ತೊಂಬತ್ತು ದಿನಗಳ ನೋಟಿಸ್, ಹನ್ನೆರಡು ವರ್ಷಗಳ ವ್ಯಾಜ್ಯ: ದೆಹಲಿ ಏರ್‌ಪೋರ್ಟ್ ಮೆಟ್ರೊ ಪ್ರಕರಣ

2024ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್ ತಾನೇ 2021ರಲ್ಲಿ ಕೊಟ್ಟಿದ್ದ ತೀರ್ಪನ್ನು ತಾನೇ ತೆಗೆದುಹಾಕಿತು. ಮರುಪರಿಶೀಲನಾ ಅರ್ಜಿಯೂ ವಜಾಗೊಂಡು ಇನ್ನು ಯಾವ ಬಾಗಿಲೂ ಇಲ್ಲ ಎನ್ನುವಾಗ ಉಳಿಯುವ ಕ್ಯುರೇಟಿವ್ ಅರ್ಜಿ ಎಂಬ ಕಿಂಡಿಯಿಂದ ದೆಹಲಿ ಮೆಟ್ರೊ ರೈಲು ನಿಗಮ, ಅಂದರೆ ಡಿಎಂಆರ್‌ಸಿ, ಹೊರಬಂದಿತು. ಬಡ್ಡಿ ಸೇರಿ ಎಂಟು ಸಾವಿರ ಕೋಟಿ ರೂಪಾಯಿಯ ಆಸುಪಾಸಿಗೆ ಬೆಳೆದಿದ್ದ ಹೊಣೆ ಅದರ ಹೆಗಲಿನಿಂದ ಇಳಿಯಿತು. ಆ ಹೊತ್ತಿಗಾಗಲೇ ನಿಗಮದಿಂದ ಸಂದಾಯವಾಗಿದ್ದ ಸುಮಾರು 2,599 ಕೋಟಿ ರೂಪಾಯಿಯೂ ವಾಪಸು ಬರಬೇಕೆಂದಾಯಿತು. ಎದುರು ಕಕ್ಷಿ ರಿಲಯನ್ಸ್ ಇನ್‌ಫ್ರಾಸ್ಟ್ರಕ್ಚರ್ ಮತ್ತು ಸ್ಪೇನಿನ ಸಿಎಎಫ್ ಸಂಸ್ಥೆಗಳು ಕೂಡಿ ಕಟ್ಟಿದ ದೆಹಲಿ ಏರ್‌ಪೋರ್ಟ್ ಮೆಟ್ರೊ ಎಕ್ಸ್‌ಪ್ರೆಸ್ ಪ್ರೈವೇಟ್ ಲಿಮಿಟೆಡ್. ಮುಂದೆ ಇದನ್ನು ‘ಕಂಪನಿ’ ಎಂದಷ್ಟೇ ಕರೆಯುತ್ತೇನೆ.

ಈ ಪ್ರಕರಣದ ಬಗ್ಗೆ ಬಂದ ಚರ್ಚೆಯಲ್ಲಿ ಬಹುಪಾಲು ಕ್ಯುರೇಟಿವ್ ಅರ್ಜಿಯ ಸುತ್ತಲೇ ಸುತ್ತಿದೆ. ವಕೀಲರಿಗೆ ಅದು ರುಚಿಸುವುದು ಸಹಜ. ಆದರೆ ಸಾರಿಗೆ ಸಂಸ್ಥೆಯೊಂದಕ್ಕೆ ಕಾನೂನು ಸಲಹೆ ಕೊಡುವವರು ಕೂತು ಓದಬೇಕಾದ ಭಾಗ ಬೇರೆ: 2008ರ ಒಪ್ಪಂದ, ಮತ್ತು 2012ರ ಜುಲೈಯಿಂದ 2013ರ ಜನವರಿಯವರೆಗಿನ ಕಡತ. ಆಮೇಲಿನ ಪ್ರತಿಯೊಂದು ವೇದಿಕೆಯೂ ತಿರುವಿ ಹಾಕಿದ್ದು ಆ ಆರು ತಿಂಗಳ ಕಾಗದಗಳನ್ನೇ. ನ್ಯಾಯಾಲಯದ ಹೊರಗೆ ವ್ಯಾಜ್ಯ ತೀರ್ಮಾನಿಸಲು ಕೂತ ಮಧ್ಯಸ್ಥಿಕೆ ನ್ಯಾಯಮಂಡಳಿ ಒಂದು ರೀತಿ ಓದಿತು, ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಇನ್ನೊಂದು ರೀತಿ ಓದಿತು. ಸುಪ್ರೀಂ ಕೋರ್ಟ್ ಎರಡು ರೀತಿಯಲ್ಲೂ ಓದಿತು.

ಕಟ್ಟಿದವರು ಯಾರು, ಓಡಿಸಿದವರು ಯಾರು

ಒಪ್ಪಂದಕ್ಕೆ ಸಹಿ ಬಿದ್ದದ್ದು 2008ರ ಆಗಸ್ಟ್ 25ರಂದು. ನವದೆಹಲಿ ರೈಲು ನಿಲ್ದಾಣದಿಂದ ಇಂದಿರಾ ಗಾಂಧಿ ವಿಮಾನ ನಿಲ್ದಾಣದ ಮೂಲಕ ದ್ವಾರಕಾ ಸೆಕ್ಟರ್ 21ರವರೆಗೆ 22.7 ಕಿಲೋಮೀಟರ್ ಮಾರ್ಗ, ಆರು ನಿಲ್ದಾಣ, ಮೂವತ್ತು ವರ್ಷಗಳ ಅವಧಿ. 2010ರ ಅಕ್ಟೋಬರ್‌ನ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಮೊದಲೇ ರೈಲು ಓಡಬೇಕೆಂಬ ಆಸೆಯಿತ್ತು. ಕೂಟ ಮುಗಿಯಿತು, ರೈಲು ಓಡಲಿಲ್ಲ. ಮಾರ್ಗ ತೆರೆದದ್ದು 2011ರ ಫೆಬ್ರುವರಿ 23ರಂದು.

ಕೆಲಸವನ್ನು ಒಪ್ಪಂದ ಎರಡಾಗಿ ಸೀಳಿತ್ತು. ಜಮೀನು ಒದಗಿಸುವುದು, ಸುರಂಗ, ಕಂಬ, ಮೇಲ್ಸೇತುವೆ, ನಿಲ್ದಾಣದ ಕಟ್ಟಡ ಇವನ್ನೆಲ್ಲ ತನ್ನ ಗುತ್ತಿಗೆದಾರರಿಂದ ಕಟ್ಟಿಸಿಕೊಡುವುದು ಡಿಎಂಆರ್‌ಸಿಯ ಪಾಲು. ಅದರ ಮೇಲೆ ವಿದ್ಯುತ್, ಸಿಗ್ನಲ್, ಬೋಗಿ ಮುಂತಾದ ರೈಲು ವ್ಯವಸ್ಥೆಯನ್ನು ಕೂರಿಸಿ, ಮಾರ್ಗವನ್ನು ನಡೆಸಿ ನಿರ್ವಹಿಸುವುದು ಕಂಪನಿಯ ಪಾಲು. ಟಿಕೆಟ್ ಹಣದ ಜೊತೆಗೆ ನಿಲ್ದಾಣಗಳ ಅಂಗಡಿ ಮಳಿಗೆಗಳಿಂದಲೂ ಕಂಪನಿ ಆದಾಯ ಹುಟ್ಟಿಸಿಕೊಳ್ಳಬೇಕು, ಮಾರ್ಗ ನಡೆಸುವ ಹಕ್ಕಿಗಾಗಿ ವರ್ಷವರ್ಷ ನಿಗಮಕ್ಕೆ ಕನ್ಸೆಷನ್ ಶುಲ್ಕ ಕಟ್ಟಬೇಕು.

ಗೋಡೆ ಮಾಲೀಕನದು, ಅಡುಗೆಮನೆ ಬಾಡಿಗೆದಾರನದು ಎನ್ನುವಂಥ ವ್ಯವಸ್ಥೆ ಇದು. ಗೋಡೆ ಬಿರುಕು ಬಿಟ್ಟರೆ ಬಾಡಿಗೆದಾರ ಗಾರೆ ಕೆಲಸದವನನ್ನು ನೇರವಾಗಿ ಕರೆಸಲಾರ. ಕಂಪನಿ ಡಿಎಂಆರ್‌ಸಿಗೆ ಬರೆಯಬೇಕು, ಡಿಎಂಆರ್‌ಸಿ ತನ್ನ ಗುತ್ತಿಗೆದಾರನಿಗೆ ಬರೆಯಬೇಕು. ಆ ಗುತ್ತಿಗೆದಾರ ತನ್ನ ಖರ್ಚಿನಲ್ಲಿ ದುರಸ್ತಿ ಮಾಡಿಕೊಡಬೇಕಾದ ದೋಷ ಹೊಣೆ ಅವಧಿ ಇಂತಿಷ್ಟೇ ಕಾಲ. ಕಂಪನಿಯ ಒಪ್ಪಂದವೋ ಮೂವತ್ತು ವರ್ಷ. ಈ ಎರಡು ಗಡಿಯಾರಗಳು ಒಂದೇ ವೇಗದಲ್ಲಿ ಓಡುವುದಿಲ್ಲ ಎಂಬುದು ಕರಡು ಸಿದ್ಧಪಡಿಸುವ ಮೇಜಿನ ಮೇಲೆಯೇ ಕಾಣಬೇಕಿತ್ತು.

ಇನ್ನು ರದ್ದತಿಯ ಷರತ್ತು. ಇದನ್ನು ಸ್ವಲ್ಪ ನಿಧಾನವಾಗಿ ಓದೋಣ, ಏಕೆಂದರೆ ಕೊನೆಗೆ ಎಲ್ಲವೂ ಇದರ ಮೇಲೆಯೇ ನಿಂತಿತು. ಡಿಎಂಆರ್‌ಸಿಯಿಂದ ಗಂಭೀರ ಪರಿಣಾಮದ ಲೋಪವೊಂದು ನಡೆದು, ಕಂಪನಿ ನೋಟಿಸ್ ಕೊಟ್ಟ ಮೇಲೆ ತೊಂಬತ್ತು ದಿನಗಳೊಳಗೆ ನಿಗಮ ಆ ಲೋಪವನ್ನು ಸರಿಪಡಿಸುವುದು, ಅಥವಾ ಸರಿಪಡಿಸಲು ಪರಿಣಾಮಕಾರಿ ಕ್ರಮಗಳನ್ನು ಕೈಗೊಳ್ಳುವುದು, ಈ ಎರಡರಲ್ಲಿ ಒಂದನ್ನೂ ಮಾಡದಿದ್ದರೆ, ಅದು ನಿಗಮದ ತಪ್ಪೆಂದು ಲೆಕ್ಕ. ಆಗ ಕಂಪನಿ ಮತ್ತೆ ತೊಂಬತ್ತು ದಿನಗಳ ನೋಟಿಸ್ ಕೊಟ್ಟು ಒಪ್ಪಂದ ಮುಗಿಸಬಹುದು. ಹಾಗೆ ಮುಗಿದರೆ ನಿಗಮ ತೆರಬೇಕಾದದ್ದು ಕಂಪನಿಯ ಬಾಕಿ ಸಾಲವಷ್ಟನ್ನೂ, ಅದರ ಮೇಲೆ ಒಡೆಯರು ಹಾಕಿದ, ಒಪ್ಪಂದದ ಸೂತ್ರದಂತೆ ಹೊಂದಾಣಿಕೆ ಮಾಡಿದ ಬಂಡವಾಳದ ಶೇ 130ರಷ್ಟನ್ನೂ.

ಶೇ 130 ಎಂಬುದನ್ನು ಕಂಡು ಗಾಬರಿಯಾಗಬೇಕಿಲ್ಲ. ಖಾಸಗಿ ಸಹಭಾಗಿತ್ವದ ಒಪ್ಪಂದಗಳಲ್ಲಿ ಬ್ಯಾಂಕುಗಳು ಸಾಲ ಕೊಡಲು ಧೈರ್ಯ ಮಾಡುವುದು ಇಂಥ ಷರತ್ತುಗಳಿದ್ದರೆ ಮಾತ್ರ. ಆದರೆ ಸಂಸ್ಥೆಯ ಪರ ಕೂತ ವಕೀಲ ಒಂದು ಪ್ರಶ್ನೆಯನ್ನು ಕೇಳಲೇಬೇಕು: ಜನ ಹತ್ತದ ಮಾರ್ಗವನ್ನು ಇನ್ನೂ ಇಪ್ಪತ್ತಾರು ವರ್ಷ ಓಡಿಸುವುದಕ್ಕಿಂತ, ನಿಗಮದ ತಪ್ಪು ತೋರಿಸಿ ಹೊರಬೀಳುವುದೇ ಕಂಪನಿಗೆ ಲಾಭವಾಗುವ ದಿನ ಬಂದರೆ ಏನು? ಅಂಥ ದಿನ ಬಂದಾಗ ಷರತ್ತಿನ ಒಂದೊಂದು ಪದವನ್ನೂ ಎದುರಿನವರು ಭೂತಗನ್ನಡಿ ಹಿಡಿದು ಓದುತ್ತಾರೆ.

2012

ಕ್ರಮವನ್ನು ಗಮನಿಸಬೇಕು. ಕಂಪನಿಯ ಮೊದಲ ದೂರು ಬಿರುಕಿನ ಬಗ್ಗೆ ಇರಲಿಲ್ಲ. 2012ರ ಮಾರ್ಚ್ 22ರ ಪತ್ರದಲ್ಲಿ ಅದು ಕೇಳಿದ್ದು ಕನ್ಸೆಷನ್ ಶುಲ್ಕದ ಪಾವತಿಯನ್ನು ಮುಂದೂಡಬೇಕೆಂದು. ನಿಲ್ದಾಣಗಳು ಕೈಗೆ ಸಿಕ್ಕಿದ್ದು ತಡವಾಯಿತು, ಮಳಿಗೆಗಳ ವ್ಯಾಪಾರ ಅದರಿಂದ ಕುಂಟಿತು ಎಂಬುದು ಕಾರಣ. ಮೇ ತಿಂಗಳಿಗೆ ವಿಷಯ ಮೇಲ್ಸೇತುವೆಗೂ ಅದರ ಬೇರಿಂಗ್‌ಗಳಿಗೂ ಬಂತು: ಗುತ್ತಿಗೆದಾರರ ದೋಷ ಹೊಣೆ ಅವಧಿ ಮುಗಿಯುವ ಮೊದಲೇ ಜಂಟಿ ತಪಾಸಣೆ ಮಾಡಿಸಿ ಎಂದು ಕಂಪನಿ ಬರೆಯಿತು. ಜುಲೈ 2ರಂದು ಕೇಂದ್ರ ನಗರಾಭಿವೃದ್ಧಿ ಸಚಿವಾಲಯದಲ್ಲಿ ಸಭೆ, ಜಂಟಿ ತಪಾಸಣಾ ಸಮಿತಿ. ಜುಲೈ 8ರಂದು ಕಂಪನಿ ರೈಲು ನಿಲ್ಲಿಸಿತು. ಮಾರನೆಯ ದಿನ, ಜುಲೈ 9ರಂದು, ಎಂಟು ದೋಷಗಳನ್ನು ಪಟ್ಟಿ ಮಾಡಿ ತೊಂಬತ್ತು ದಿನಗಳಲ್ಲಿ ಸರಿಪಡಿಸಿ ಎಂಬ ನೋಟಿಸ್ ಹೋಯಿತು.

ಶುಲ್ಕದ ಪತ್ರ ಮೊದಲು ಬಂತು, ಆದ್ದರಿಂದ ಬಿರುಕು ನೆಪ ಮಾತ್ರ ಎಂದು ಹಾರಿ ತೀರ್ಮಾನಿಸುವವರಿದ್ದಾರೆ. ಹಾಗೆ ಹೇಳಿದರೆ ತಪ್ಪಾಗುತ್ತದೆ. ಬಿರುಕುಗಳು ಇದ್ದವು. ಮುಂದೆ ಮಧ್ಯಸ್ಥಿಕೆ ನ್ಯಾಯಮಂಡಳಿಯ ಮುಂದೆ ಬಂದ ಲೆಕ್ಕದ ಪ್ರಕಾರ ಮೇಲ್ಸೇತುವೆಯ ಗರ್ಡರ್‌ಗಳಲ್ಲಿ, ಅಂದರೆ ಹಳಿಯನ್ನು ಹೊರುವ ತೊಲೆಗಳಲ್ಲಿ, 1,551 ಬಿರುಕುಗಳು, ಒಟ್ಟು ಗರ್ಡರ್‌ಗಳಲ್ಲಿ ಶೇ 72ರಷ್ಟಕ್ಕೆ ತಗುಲಿದಂಥವು. ಬಹುಪಾಲು ನೆಲದಡಿ ಸಾಗುವ ಮಾರ್ಗದಲ್ಲಿ ಮೇಲ್ಸೇತುವೆಯ ಭಾಗ ಚಿಕ್ಕದು. ಆ ಚಿಕ್ಕ ಭಾಗದಲ್ಲಿ ಇಷ್ಟು ಬಿರುಕು. ಹಣದ ತಾಪತ್ರಯವೂ ಕಾಂಕ್ರೀಟಿನ ಬಿರುಕೂ ಒಟ್ಟಿಗೆ ನಿಜವಾಗಿರಬಹುದು. ಎದುರು ಕಕ್ಷಿಯ ಒಳಉದ್ದೇಶವನ್ನು ಸಾಬೀತುಪಡಿಸುವುದರಲ್ಲಿ ಸಮಯ ಕಳೆಯುವ ವಕೀಲ ಆ ಹೊತ್ತಿನಲ್ಲಿ ದುರಸ್ತಿಯ ದಾಖಲೆ ಕಟ್ಟುವುದನ್ನು ಮರೆಯುತ್ತಾನೆ.

ಈಗ ಕ್ಯಾಲೆಂಡರ್ ನೋಡಿ. ಜುಲೈ 9ರಿಂದ ಎಣಿಸಿದರೆ ತೊಂಬತ್ತನೆಯ ದಿನ ಅಕ್ಟೋಬರ್ 7. ರದ್ದತಿಯ ನೋಟಿಸ್ ಹೊರಟದ್ದು ಅಕ್ಟೋಬರ್ 8ರಂದು. ಒಂದು ದಿನವೂ ಆಚೀಚೆ ಇಲ್ಲ. ಕಂಪನಿಯ ಕಡೆಯವರು ಒಪ್ಪಂದವನ್ನು ಎದುರಿಗಿಟ್ಟುಕೊಂಡೇ ದಿನ ಎಣಿಸುತ್ತಿದ್ದರು ಎಂಬುದಕ್ಕೆ ಬೇರೆ ಪುರಾವೆ ಬೇಡ. ಆ ನೋಟಿಸ್‌ನ ತೊಂಬತ್ತು ದಿನ ಮುಗಿದು ಒಪ್ಪಂದ ಕೊನೆಗೊಂಡಿತೆಂದು ಲೆಕ್ಕ ಹಾಕಿದ ದಿನ 2013ರ ಜನವರಿ 7.

ಡಿಎಂಆರ್‌ಸಿ ಆ ಮೊದಲ ತೊಂಬತ್ತು ದಿನ ಕೈಕಟ್ಟಿ ಕೂತಿರಲಿಲ್ಲ. ದುರಸ್ತಿ ಕೆಲಸ ನಡೆದಿತ್ತು. ಆದರೆ ದುರಸ್ತಿ ನಡೆಯುವುದು ಬೇರೆ, ನೋಟಿಸ್‌ನ ಎಂಟು ದೋಷಗಳಲ್ಲಿ ಒಂದೊಂದಕ್ಕೂ ‘ಇಂಥ ದಿನ ಇಂಥ ಕ್ರಮ, ಇದು ಸಾಕಾಗುತ್ತದೆ ಎನ್ನಲು ಇಂಥ ತಾಂತ್ರಿಕ ಕಾರಣ’ ಎಂಬ ಉತ್ತರ ಕಡತದಲ್ಲಿ ಕೂರುವುದು ಬೇರೆ. ಸಾರಿಗೆ ಸಂಸ್ಥೆಗಳ ಎಂಜಿನಿಯರುಗಳು ಸಾಮಾನ್ಯವಾಗಿ ಮೊದಲನೆಯದರಲ್ಲಿ ಗಟ್ಟಿಗರು, ಎರಡನೆಯದರಲ್ಲಿ ಆಲಸಿಗಳು. ಪತ್ರಕ್ಕೆ ಪತ್ರ ಬರೆಯುವುದನ್ನು ಅವರು ಗುಮಾಸ್ತಿಕೆ ಎಂದುಕೊಳ್ಳುತ್ತಾರೆ. ಆ ಗುಮಾಸ್ತಿಕೆಯನ್ನು ಮಾಡಿಸುವುದೇ ಸಂಸ್ಥೆಯ ವಕೀಲನ ಕೆಲಸ.

ಅಕ್ಟೋಬರ್ 23ರಂದು ಡಿಎಂಆರ್‌ಸಿ ಮಧ್ಯಸ್ಥಿಕೆಗೆ ಹೋಯಿತು. ಮುಂದೆ ತನ್ನ ಕುತ್ತಿಗೆಗೆ ಬಂದ ಮಧ್ಯಸ್ಥಿಕೆಯನ್ನು ಆರಂಭಿಸಿದ್ದು ನಿಗಮವೇ ಎಂಬುದು ಹಲವರಿಗೆ ಮರೆತುಹೋಗಿದೆ. ಆಮೇಲೆ ನಡೆದದ್ದು ಇಡೀ ಪ್ರಕರಣದ ವಿಚಿತ್ರ ಘಟ್ಟ: ರದ್ದತಿ ನೋಟಿಸ್ ಕೊಟ್ಟ ಕಂಪನಿ ಮತ್ತು ಅದನ್ನು ಒಪ್ಪದ ನಿಗಮ, ನವೆಂಬರ್ 19ರಂದು ಜೊತೆಗೂಡಿ ಮೆಟ್ರೊ ರೈಲು ಸುರಕ್ಷತಾ ಆಯುಕ್ತರಿಗೆ ಅರ್ಜಿ ಹಾಕಿದವು, ಮಾರ್ಗವನ್ನು ಮತ್ತೆ ತೆರೆಯಲು ಅನುಮತಿ ಕೊಡಿ ಎಂದು. ಆಯುಕ್ತರ ಅನುಮತಿ ಬಂದದ್ದು 2013ರ ಜನವರಿ 18ರಂದು. ವೇಗವನ್ನು ತಗ್ಗಿಸಿ ಓಡಿಸಬೇಕು, ತಪಾಸಣೆಗಳು ನಡೆಯುತ್ತಿರಬೇಕು ಎಂಬಂಥ ಷರತ್ತುಗಳು ಅದರಲ್ಲಿದ್ದವು. ಜನವರಿ 22ರಂದು ರೈಲು ಮತ್ತೆ ಓಡಿತು, ಓಡಿಸಿದ್ದು ಕಂಪನಿಯೇ. ಜೂನ್ 30ರವರೆಗೆ ಓಡಿಸಿ, ಅನಂತರ ಮಾರ್ಗವನ್ನು ಡಿಎಂಆರ್‌ಸಿಯ ಕೈಗೆ ಬಿಟ್ಟಿತು. ಜುಲೈ 1ರಿಂದ ಇವತ್ತಿನವರೆಗೂ ಅಲ್ಲಿ ರೈಲು ಓಡಿಸುತ್ತಿರುವುದು ನಿಗಮ.

ಒಂದು ಪ್ರಮಾಣಪತ್ರ, ಎರಡು ಓದು

2017ರ ಮೇ 11ರಂದು ಮೂವರು ಸದಸ್ಯರ ನ್ಯಾಯಮಂಡಳಿ ಒಮ್ಮತದಿಂದ ಕಂಪನಿಯ ಪರ ತೀರ್ಪು ಕೊಟ್ಟಿತು: 2,782.33 ಕೋಟಿ ರೂಪಾಯಿ, ಮೇಲೆ ಬಡ್ಡಿ. ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2018ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು, ವಿಭಾಗೀಯ ಪೀಠ 2019ರ ಜನವರಿ 15ರಂದು ತಳ್ಳಿಹಾಕಿತು. 2021ರ ಸೆಪ್ಟೆಂಬರ್ 9ರಂದು ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್ ಮತ್ತು ಎಸ್. ರವೀಂದ್ರ ಭಟ್ ಅವರ ಸುಪ್ರೀಂ ಕೋರ್ಟ್ ಪೀಠ ನ್ಯಾಯಮಂಡಳಿಯ ತೀರ್ಪಿಗೆ ಮರುಜೀವ ಕೊಟ್ಟಿತು. ಅದೇ ನವೆಂಬರ್‌ನಲ್ಲಿ ಮರುಪರಿಶೀಲನಾ ಅರ್ಜಿ ವಜಾ. 2024ರಲ್ಲಿ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಸೂರ್ಯಕಾಂತ್ ಅವರ ಪೀಠ ವಿಭಾಗೀಯ ಪೀಠದ ತೀರ್ಪನ್ನೇ ಮತ್ತೆ ಸ್ಥಾಪಿಸಿತು. ಮೇಲೆ ಕೆಳಗೆ, ಮೇಲೆ ಕೆಳಗೆ.

ಈ ಏರಿಳಿತದ ನಡುವೆ ಪ್ರಶ್ನೆ ಒಂದೇ ಇತ್ತು: ಸುರಕ್ಷತಾ ಆಯುಕ್ತರು 2013ರ ಜನವರಿ 18ರಂದು ಕೊಟ್ಟ ಆ ಅನುಮತಿಯ ಪ್ರಮಾಣಪತ್ರಕ್ಕೆ ಎಷ್ಟು ಬೆಲೆ?

ಸುರಕ್ಷತಾ ಆಯುಕ್ತರ ಸ್ಥಾನ ಏನೆಂಬುದನ್ನು ಇಲ್ಲಿ ಹೇಳಬೇಕು. 2002ರ ಮೆಟ್ರೊ ರೈಲು ಕಾಯ್ದೆಯ ಪ್ರಕಾರ ಆಯುಕ್ತರು ಪರೀಕ್ಷಿಸಿ ಸೈ ಎನ್ನದೆ ಪ್ರಯಾಣಿಕರನ್ನು ಹತ್ತಿಸಿಕೊಂಡು ರೈಲು ಓಡಿಸುವಂತಿಲ್ಲ. ರೈಲ್ವೆ ಸುರಕ್ಷತಾ ಆಯೋಗ ರೈಲ್ವೆ ಸಚಿವಾಲಯದ ಕೈಕೆಳಗಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿದೆ. ಓಡಿಸುವವರೇ ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳಬಾರದೆಂದು ಮಾಡಿದ ಏರ್ಪಾಡು ಅದು. ಅಂಥ ಸ್ವತಂತ್ರ ಅಧಿಕಾರಿ ‘ಓಡಿಸಬಹುದು’ ಎಂದಮೇಲೆ, ‘ಮಾರ್ಗ ಸುರಕ್ಷಿತವಲ್ಲ’ ಎಂಬ ಕಾರಣಕ್ಕೆ ನಡೆದ ರದ್ದತಿಯ ಗತಿಯೇನು?

ನ್ಯಾಯಮಂಡಳಿಯ ಉತ್ತರ: ಒಪ್ಪಂದ ಕೇಳಿದ್ದು ತೊಂಬತ್ತು ದಿನಗಳಲ್ಲಿ ದೋಷ ಸರಿಯಾಯಿತೇ ಎಂದು. ಪ್ರಮಾಣಪತ್ರ ಬಂದದ್ದು ಆಮೇಲೆ, ಅದರ ಉದ್ದೇಶವೂ ಬೇರೆ. ಅಷ್ಟೇ ಅಲ್ಲ, ವೇಗಕ್ಕೆ ಹಾಕಿದ ಮಿತಿಯೇ ದೋಷ ಹಾಗೆಯೇ ಉಳಿದಿದೆ ಎಂಬುದಕ್ಕೆ ಸಾಕ್ಷಿ. ವಿಮಾನ ಹಿಡಿಯುವವರಿಗೆಂದು ಅತಿವೇಗಕ್ಕೆ ಕಟ್ಟಿದ ಮಾರ್ಗ ಆಮೆನಡಿಗೆಯಲ್ಲಿ ಓಡಿದರೆ ಒಪ್ಪಂದದ ಉದ್ದೇಶ ಈಡೇರಿದಂತಲ್ಲ. 2021ರ ಸುಪ್ರೀಂ ಕೋರ್ಟ್ ಪೀಠವೂ ಸರಿಸುಮಾರು ಇದನ್ನೇ ಒಪ್ಪಿತು, ಮತ್ತು ಮಧ್ಯಸ್ಥಗಾರರು ಸಂಗತಿಗಳನ್ನು ತೂಗಿ ನೋಡಿದ ಮೇಲೆ ನ್ಯಾಯಾಲಯಗಳು ಮತ್ತೆ ತಕ್ಕಡಿ ಹಿಡಿಯಬಾರದು ಎಂದಿತು.

2024ರ ಪೀಠದ ಉತ್ತರ: ಷರತ್ತಿನಲ್ಲಿ ಎರಡು ಸಂಗತಿಗಳಿವೆ. ಸರಿಪಡಿಸುವುದು ಒಂದು, ಸರಿಪಡಿಸಲು ಪರಿಣಾಮಕಾರಿ ಕ್ರಮ ಕೈಗೊಳ್ಳುವುದು ಇನ್ನೊಂದು. ಮೊದಲನೆಯದು ಆಗಿರದಿದ್ದರೂ ಎರಡನೆಯದು ಆಗಿದ್ದರೆ ರದ್ದತಿಗೆ ಅವಕಾಶವಿಲ್ಲ. ನ್ಯಾಯಮಂಡಳಿ ಈ ಎರಡನ್ನೂ ಒಂದೇ ಎಂಬಂತೆ ನೋಡಿತು. ನಿಗಮದ ಕ್ರಮಗಳು ಏಕೆ ಪರಿಣಾಮಕಾರಿ ಅಲ್ಲ ಎಂಬುದಕ್ಕೆ ಕಾರಣ ಕೊಡಲಿಲ್ಲ. ಆ ಕ್ರಮಗಳಿಗೆ ಇದ್ದ ಅತ್ಯಂತ ಬಲವಾದ ಸಾಕ್ಷ್ಯವೇ ಪ್ರಮಾಣಪತ್ರ. ಅದನ್ನು ಪ್ರಸ್ತುತವಲ್ಲವೆಂದು ಬದಿಗಿಟ್ಟದ್ದು ಮೇಲ್ನೋಟಕ್ಕೇ ಕಾಣುವ ಕಾನೂನು ದೋಷ.

ನನ್ನ ಮಟ್ಟಿಗೆ ಎರಡನೆಯ ಓದು ಒಪ್ಪಂದದ ಪಠ್ಯಕ್ಕೆ ಹತ್ತಿರವಾದದ್ದು. ‘ಅಥವಾ’ ಎಂದು ಬರೆದ ಮೇಲೆ ಅದರ ಎರಡೂ ಬದಿಗೆ ಬೆಲೆಯಿರಬೇಕು. ಒಂದೂವರೆ ಸಾವಿರ ಬಿರುಕುಗಳ ಮೇಲ್ಸೇತುವೆಯನ್ನು ಮೂರು ತಿಂಗಳಲ್ಲಿ ಸಂಪೂರ್ಣ ಸರಿಮಾಡಿ ಮುಗಿಸಬೇಕೆಂದು ಯಾವ ಎಂಜಿನಿಯರನೂ ಒಪ್ಪಂದಕ್ಕೆ ಸಹಿ ಹಾಕುವುದಿಲ್ಲ. ಎರಡನೆಯ ಭಾಗ ಸೇರಿದ್ದೇ ಅದಕ್ಕಾಗಿ. ಮತ್ತು ರೈಲು ನಿಲ್ಲಿಸಿದ ಕಂಪನಿ, ರದ್ದತಿ ನೋಟಿಸ್ ಚಾಲ್ತಿಯಲ್ಲಿರುವಾಗಲೇ, ಓಡಿಸಲು ಅನುಮತಿ ಕೊಡಿ ಎಂಬ ಅರ್ಜಿಗೆ ಸಹಿ ಹಾಕಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇರುವುದು ಕಷ್ಟ.

ಆದರೆ ಕಂಪನಿಯ ವಾದದಲ್ಲೂ ತಿರುಳಿತ್ತು. ಲೆಕ್ಕದ ಪ್ರಕಾರ ಜನವರಿ 7ಕ್ಕೆ ಒಪ್ಪಂದ ಸತ್ತಿತ್ತು. ಹನ್ನೊಂದು ದಿನಗಳ ಅನಂತರ ಬಂದ ಕಾಗದ ಸತ್ತದ್ದನ್ನು ಬದುಕಿಸೀತೇ? ಓಡಿಸಬಹುದು ಎಂಬ ಅನುಮತಿ, ಮೂವತ್ತು ವರ್ಷ ಪೂರ್ಣ ವೇಗದಲ್ಲಿ ಓಡಿಸಬಹುದಾದ ಸೇತುವೆಯನ್ನು ಕೊಟ್ಟಿದ್ದೇವೆ ಎಂಬ ಭರವಸೆಯಾಗುವುದಿಲ್ಲ. ಕಾಲವೇನೋ ನಿಗಮದ ಪರ ನಿಂತಿತು: ನಿಗಮ ವಹಿಸಿಕೊಂಡ ಮೇಲೆ ವೇಗ ಹಂತಹಂತವಾಗಿ ಏರಿ, ಮಾರ್ಗ 2023ರ ಸೆಪ್ಟೆಂಬರ್‌ನಲ್ಲಿ ದ್ವಾರಕಾ ಸೆಕ್ಟರ್ 25ರ ಯಶೋಭೂಮಿಯವರೆಗೆ ಚಾಚಿದಾಗ ಗಂಟೆಗೆ 120 ಕಿಲೋಮೀಟರಿಗೆ ಮುಟ್ಟಿತು. ಆದರೆ ಇದು ಹಿಂದಿರುಗಿ ನೋಡಿದಾಗ ಸಿಕ್ಕುವ ಜಾಣತನ. 2012ರ ಅಕ್ಟೋಬರ್ 8ರಂದು ಯಾರಿಗೂ ಇದು ಗೊತ್ತಿರಲಿಲ್ಲ.

ಕ್ಯುರೇಟಿವ್ ಅರ್ಜಿಯ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. 2002ರ ರೂಪಾ ಅಶೋಕ್ ಹುರ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಾನೇ ಕಟ್ಟಿಕೊಂಡ ಅಪರೂಪದ ಉಪಾಯ ಅದು. ವಾಣಿಜ್ಯ ಮಧ್ಯಸ್ಥಿಕೆಯಲ್ಲಿ ಅದನ್ನು ಬಳಸಿದ್ದರಿಂದ ಇನ್ನು ಯಾವ ತೀರ್ಪನ್ನು ಅಂತಿಮ ಎಂದು ನಂಬುವುದು ಎಂಬ ಟೀಕೆ ಬಂತು, ಬರಬೇಕಾದದ್ದೇ. ಮಧ್ಯಸ್ಥಿಕೆ ತೀರ್ಪುಗಳ ಮೇಲೆ ಇನ್ನೊಂದು ಸುತ್ತಿನ ಮೇಲ್ಮನವಿಗೆ ಇದು ದಾರಿಯಾಗಬಾರದು ಎಂದು ಪೀಠವೇ ಎಚ್ಚರಿಸಿತು. ಅಂದರೆ, ಇನ್ನೊಂದು ಸಾರಿಗೆ ಸಂಸ್ಥೆ ಇದೇ ಕಿಂಡಿಯನ್ನು ನಂಬಿ ಕೂರುವಂತಿಲ್ಲ.

ಸಾರ್ವಜನಿಕ ಹಣಕ್ಕೆ ಜಪ್ತಿ

2021ರ ತೀರ್ಪು ಮತ್ತು 2024ರ ತೀರ್ಪಿನ ನಡುವೆ ದೆಹಲಿ ಹೈಕೋರ್ಟಿನಲ್ಲಿ ನಡೆದ ಅಮಲ್ಜಾರಿ ಪ್ರಕ್ರಿಯೆಯ ಕಡೆಗೆ ಯಾರೂ ಹೆಚ್ಚು ಗಮನ ಕೊಡಲಿಲ್ಲ. ನನಗೆ ಅದು ಮುಖ್ಯವಾಗಿ ಕಾಣುತ್ತದೆ. ಸೋತ ಸಾರಿಗೆ ಸಂಸ್ಥೆಯಿಂದ ಹಣ ವಸೂಲು ಮಾಡುವುದು ಹೇಗೆ?

ಮೆಟ್ರೊ ಕಾಯ್ದೆಯ 89ನೆಯ ಕಲಮು ಹೇಳುವುದು: ಸಂಚಾರಕ್ಕೆ ಬಳಕೆಯಾಗುವ ಬೋಗಿ, ಹಳಿ, ಯಂತ್ರ, ಸಾಮಗ್ರಿ ಯಾವುದನ್ನೂ ಕೇಂದ್ರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಯಾವುದೇ ನ್ಯಾಯಾಲಯದ ಡಿಕ್ರಿಗಾಗಿ ಜಪ್ತಿ ಮಾಡುವಂತಿಲ್ಲ. ಕಾರಣ ಸರಳ. ಹಣ ಬರಬೇಕಾದವನೊಬ್ಬ ಡಿಕ್ರಿ ಹಿಡಿದು ಬಂದು ಬೋಗಿಗೆ ಬೀಗ ಜಡಿದರೆ ಲಕ್ಷಾಂತರ ಜನ ಬೀದಿಯಲ್ಲಿ ನಿಲ್ಲುತ್ತಾರೆ. ಆದರೆ ಡಿಎಂಆರ್‌ಸಿಯಲ್ಲಿ ಕೇಂದ್ರ ಸರ್ಕಾರ ಅರ್ಧ ಪಾಲುದಾರ, ದೆಹಲಿ ಸರ್ಕಾರ ಇನ್ನರ್ಧ. ಜಪ್ತಿಗೆ ಅನುಮತಿ ಕೊಡಬೇಕಾದವನೂ ಸೋತವನ ಅರ್ಧ ಒಡೆಯನೂ ಒಬ್ಬನೇ. 2023ರ ಮಾರ್ಚ್‌ನಲ್ಲಿ ಹೈಕೋರ್ಟ್ ಎರಡೂ ಸರ್ಕಾರಗಳತ್ತ ಬೆರಳು ತೋರಿಸಿ, ಖಾತರಿಯೋ ಸಾಲವೋ ಯಾವುದಾದರೊಂದು ರೂಪದಲ್ಲಿ ನಿಗಮ ಕೇಳಿದ ನೆರವಿನ ಬಗ್ಗೆ ತೀರ್ಮಾನಿಸಿ ಎಂದಿತು.

ಈ ಜಗ್ಗಾಟದಲ್ಲಿ ಬಡ್ಡಿ ಬೆಳೆಯುತ್ತಿತ್ತು. 2,782 ಕೋಟಿ ಎಂಟು ಸಾವಿರ ಕೋಟಿಯ ಹತ್ತಿರಕ್ಕೆ ಹೋದದ್ದು ಹೀಗೆ. ಕ್ಯುರೇಟಿವ್ ಅರ್ಜಿ ಬಿದ್ದುಹೋಗಿದ್ದರೆ ಆ ಹಣ ಬರಬೇಕಾಗಿದ್ದುದು ಟಿಕೆಟ್ ದರದಿಂದಲೋ ತೆರಿಗೆಯಿಂದಲೋ. ಒಪ್ಪಂದಕ್ಕೆ ಸಹಿ ಹಾಕುವ ದಿನ ರದ್ದತಿ ಪಾವತಿ ಯಾವ ಖಾತೆಯಿಂದ, ಯಾವ ಸರ್ಕಾರದಿಂದ ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ, ಮದುವೆಯ ದಿನ ವಿಚ್ಛೇದನದ ಮಾತು ಬೇಡವೆಂಬಂತೆ.

ಗುರುಗ್ರಾಮದ ರ್‍ಯಾಪಿಡ್ ಮೆಟ್ರೊದಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬಂತು. ಅಲ್ಲಿಯೂ ಖಾಸಗಿ ಕಂಪನಿ ಹೊರನಡೆಯಿತು, ಹರಿಯಾಣದ ಸಂಸ್ಥೆಗಳು ರೈಲನ್ನು ವಹಿಸಿಕೊಂಡವು. ತಪ್ಪು ಯಾರದೆಂಬುದು ತೀರ್ಮಾನವಾಗುವ ಮೊದಲೇ, ಮಹಾಲೇಖಪಾಲರ ಲೆಕ್ಕಪರಿಶೋಧನೆ ಗುರುತಿಸಿದ ಬಾಕಿ ಸಾಲದ ಶೇ 80ರಷ್ಟನ್ನು ಠೇವಣಿ ಇಡಬೇಕೆಂದು 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬ್ಯಾಂಕುಗಳ ಹಣ ಮೊದಲು, ಜಗಳ ಆಮೇಲೆ. ದೆಹಲಿಯಲ್ಲಿ ಇಂಥ ನಡುದಾರಿಯೊಂದು ಮೊದಲ ದಿನದಿಂದಲೇ ಇದ್ದಿದ್ದರೆ ಬಡ್ಡಿಯ ಹೊರೆಯಾದರೂ ತಗ್ಗುತ್ತಿತ್ತು.

ನಮ್ಮ ಕಡೆಗೆ ಬಂದರೆ

ಬೆಂಗಳೂರಿನ ಮೆಟ್ರೊ ನಿಗಮವೂ ಕೇಂದ್ರ ಮತ್ತು ರಾಜ್ಯದ ಸಮಪಾಲಿನ ಸಂಸ್ಥೆ, ಅದಕ್ಕೂ ಅದೇ ಕಾಯ್ದೆ, ಅದೇ ಬಗೆಯ ಸುರಕ್ಷತಾ ಅನುಮತಿ. ವ್ಯತ್ಯಾಸವೆಂದರೆ ಇಲ್ಲಿ ಕಟ್ಟುವವರೂ ಓಡಿಸುವವರೂ ಒಬ್ಬರೇ. 2018ರ ಡಿಸೆಂಬರ್‌ನಲ್ಲಿ ಟ್ರಿನಿಟಿ ನಿಲ್ದಾಣದ ಬಳಿ ತೊಲೆಯ ಕಾಂಕ್ರೀಟ್ ಒಳಗೆ ಟೊಳ್ಳಾಗಿರುವುದು ಕಂಡಾಗ, ಆ ಭಾಗದಲ್ಲಿ ಕೆಲವು ದಿನ ಸಂಚಾರ ನಿಲ್ಲಿಸಿ ದುರಸ್ತಿ ಮಾಡಿ ಮತ್ತೆ ರೈಲು ಬಿಟ್ಟರು. ಪತ್ರಿಕೆಗಳಲ್ಲಿ ಬೈಗುಳ ಬಂತು, ಪ್ರಯಾಣಿಕರಿಗೆ ತೊಂದರೆಯಾಯಿತು. ಆದರೆ ಯಾರಿಗೂ ರದ್ದತಿ ನೋಟಿಸ್ ಹೋಗಲಿಲ್ಲ. ನೋಟಿಸ್ ಕೊಡಲು ಎದುರಿಗೆ ಇನ್ನೊಬ್ಬರು ಇರಲೇ ಇಲ್ಲ. ಕೆಂಪೇಗೌಡ ವಿಮಾನ ನಿಲ್ದಾಣದ ಮಾರ್ಗವನ್ನೂ ನಿಗಮವೇ ಕಟ್ಟಿಸುತ್ತಿದೆ.

ಹಾಗೆಂದು ಇಲ್ಲಿನ ವಕೀಲರು ನಿಶ್ಚಿಂತರಾಗುವಂತಿಲ್ಲ. ಇಲ್ಲಿ ಖಾಸಗಿ ಹಣ ಬರುತ್ತಿರುವುದು ನಿಲ್ದಾಣಗಳ ಬಾಗಿಲಿನಿಂದ. ಹಳದಿ ಮಾರ್ಗದ ಕೋಣಪ್ಪನ ಅಗ್ರಹಾರ ನಿಲ್ದಾಣಕ್ಕೆ ಇನ್ಫೊಸಿಸ್ ಪ್ರತಿಷ್ಠಾನ, ಹೆಬ್ಬಗೋಡಿಗೆ ಬಯೋಕಾನ್ ಹಣ ಕೊಟ್ಟವು. ಇಂಥ ಒಡಂಬಡಿಕೆಗಳು ನಿಲ್ದಾಣದ ಸುತ್ತಲಿನ ಕಟ್ಟಡಗಳಿಗೂ ನೇರ ಸೇತುವೆಗಳಿಗೂ ಮಳಿಗೆಗಳಿಗೂ ಹಬ್ಬಿದಾಗ, ನಿಲ್ದಾಣ ಕೊಡುವುದು ತಡವಾಯಿತು, ವ್ಯಾಪಾರ ಕುಂಟಿತು, ಶುಲ್ಕ ಮುಂದೂಡಿ ಎಂಬ ಪತ್ರ ಬರುವುದು ದೂರವಿಲ್ಲ. ದೆಹಲಿಯ ಕಡತದ ಮೊದಲ ಹಾಳೆಯೇ ಅದಾಗಿತ್ತು.

ಆದ್ದರಿಂದ ಕರಡು ಬರೆಯುವವರಿಗೆ ಕೆಲವು ಮಾತು. ಪರಿಣಾಮಕಾರಿ ಕ್ರಮ ಎಂದು ಬರೆದು ಬಿಡಬೇಡಿ, ಅದನ್ನು ಅಳೆಯುವವರು ಯಾರು ಎಂಬುದನ್ನೂ ಬರೆಯಿರಿ. ಇಬ್ಬರೂ ಒಪ್ಪಿದ ಸ್ವತಂತ್ರ ಎಂಜಿನಿಯರ್ ನೋಟಿಸ್‌ನ ನಲವತ್ತೈದನೆಯ ದಿನಕ್ಕೆ ಒಂದು ವರದಿ, ತೊಂಬತ್ತನೆಯ ದಿನಕ್ಕೆ ಇನ್ನೊಂದು ವರದಿ ಕೊಟ್ಟರೆ ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ. ಸುರಕ್ಷತಾ ಆಯುಕ್ತರ ಅನುಮತಿಗೆ, ಷರತ್ತುಬದ್ಧ ಅನುಮತಿಗೆ, ವೇಗ ಮಿತಿಗೆ ಒಪ್ಪಂದದೊಳಗೆ ಏನು ಅರ್ಥ ಎಂಬುದನ್ನು ಮೊದಲೇ ಹೇಳಿ, ಆಯುಕ್ತರ ಪರಿಶೀಲನೆ ನಡೆಯುತ್ತಿರುವಷ್ಟು ದಿನ ರದ್ದತಿಯ ಎಣಿಕೆ ನಿಲ್ಲಬೇಕೇ ಓಡಬೇಕೇ ಎಂಬುದನ್ನೂ ಬರೆಯಿರಿ. ಸಿವಿಲ್ ಗುತ್ತಿಗೆದಾರನ ದೋಷ ಹೊಣೆಯನ್ನು ಮಾರ್ಗ ನಡೆಸುವವನೇ ನೇರವಾಗಿ ಜಾರಿಗೊಳಿಸುವಂತಿದ್ದರೆ ನಡುವೆ ನಿಗಮ ಅಂಚೆಯವನಾಗುವುದು ತಪ್ಪುತ್ತದೆ. ರದ್ದತಿ ನೋಟಿಸ್ ಚಾಲ್ತಿಯಲ್ಲಿರುವಾಗ ಎದುರು ಕಕ್ಷಿಯ ಜೊತೆ ಸೇರಿ ಯಾವುದೇ ಪ್ರಾಧಿಕಾರಕ್ಕೆ ಅರ್ಜಿ ಹಾಕುವ ಪ್ರಸಂಗ ಬಂದರೆ, ಆ ಅರ್ಜಿ ನೋಟಿಸ್ ಅನ್ನು ಹಿಂತೆಗೆದುಕೊಂಡಂತೆಯೋ ಅಲ್ಲವೋ ಎಂಬುದನ್ನು ಅದೇ ದಿನ, ಅದೇ ಮೇಜಿನ ಮೇಲೆ, ಎರಡೂ ಕಡೆಯ ಸಹಿಯೊಂದಿಗೆ ಬರೆಸಿಕೊಳ್ಳಿ.